ಹಬ್ಬಿಗೂ ಗಾಲಿಗೂ ನಡುವಿನ ಬಿಲ್ಲೆ

ಅಲ್ಯೂಮಿನಿಯಮ್ಮಿನ ಒಂದು ಬಿಲ್ಲೆ. ಅಂಗೈಗಿಂತ ಅಗಲ, ನಡುವೆ ದೊಡ್ಡದೊಂದು ತೂತು, ಸುತ್ತ ನಾಲ್ಕೋ ಐದೋ ಸಣ್ಣ ತೂತು. ದಪ್ಪ 3 ಮಿಲಿಮೀಟರಿನಿಂದ 25ರ ತನಕ ಎಷ್ಟಾದರೂ ಇರಬಹುದು. ಕಾರಿನ ಚಕ್ರ ಬಿಚ್ಚಿ, ಹಬ್ಬಿನ ಮೇಲೆ ಇದನ್ನು ಕೂರಿಸಿ, ಉದ್ದನೆಯ ಬೋಲ್ಟು ಹಾಕಿ ಬಿಗಿದರೆ ಚಕ್ರ ಆ ದಪ್ಪದಷ್ಟು ಹೊರಗೆ ಬಂದು ನಿಲ್ಲುತ್ತದೆ. ವೀಲ್ ಸ್ಪೇಸರ್ ಎಂದರೆ ಇಷ್ಟೇ. ಥಾಣೆ, ಡೊಂಬಿವಲಿ, ಕಲ್ಯಾಣ್, ನವಿ ಮುಂಬಯಿಯ ರಸ್ತೆಗಳಲ್ಲಿ ಎಂಎಚ್-04, ಎಂಎಚ್-05, ಎಂಎಚ್-43 ಎಂಬ ಫಲಕ ಹೊತ್ತು ಓಡುವ ಬಿರುಸಿನ ಕಾರುಗಳಲ್ಲಿ ಚಕ್ರ ಮಡ್‌ಗಾರ್ಡಿನ ಅಂಚಿಗೆ ಸರಿಯಾಗಿ ಬಂದು ನಿಂತದ್ದು ಕಂಡರೆ ಒಳಗೆ ಈ ಬಿಲ್ಲೆ ಇರುವ ಸಂಭವವಿದೆ. ಕಂಡವರು ಸಾಮಾನ್ಯವಾಗಿ ಹೇಳುವುದು, ಇದು ವೇಗದ ಹುಚ್ಚು, ಜರ್ಮನಿಯಿಂದಲೋ ಜಪಾನಿನಿಂದಲೋ ಸಿನಿಮಾ ದಾರಿಯಾಗಿ ಬಂದದ್ದು ಎಂದು. ಇಲ್ಲಿಯ ಮಟ್ಟಿಗೆ ಆ ಮಾತು ಅರ್ಧ ಮಾತ್ರ ನಿಜ ಎಂದು ನನ್ನ ಎಣಿಕೆ. ಈ ಪ್ರದೇಶದಲ್ಲಿ ಬಿಲ್ಲೆಗೆ ಬೇಡಿಕೆ ಹುಟ್ಟಿಸಿದ್ದು ವೇಗಕ್ಕಿಂತ ಹೆಚ್ಚಾಗಿ ಕೂಡಿಬರದ ಅಳತೆ. ಎಲ್ಲೋ ಯಾರೋ ನಿಗದಿ ಮಾಡಿದ ಅಳತೆಯ ವಸ್ತು ಇಲ್ಲಿಗೆ ಬಂದು ಇನ್ನೊಂದರ ಜೊತೆ ಕೂಡಬೇಕಾದಾಗ ನಡುವೆ ಏನಾದರೂ ತೂರಿಸಿ ಕೂಡಿಸುವ ಕೆಲಸಕ್ಕೆ ಇಲ್ಲಿ ಕಾರಿಗಿಂತ ಹಳೆಯ ಚರಿತ್ರೆಯಿದೆ.

ಗಾಡಿ ಕಟ್ಟಿದ ಯಾವ ಊರಿಗೂ ಇಂಥ ಬಿಲ್ಲೆ ಹೊಸದಲ್ಲ. ಎತ್ತಿನ ಗಾಡಿಯ ಗುಂಬ ಅಚ್ಚಿನ ಮೇಲೆ ತಿರುಗಿ ತಿರುಗಿ ಸವೆದರೆ ಗಾಲಿ ಅತ್ತಿತ್ತ ಆಡುತ್ತದೆ. ಆಗ ಗುಂಬಕ್ಕೂ ಕಡೆಗೀಲಿಗೂ ನಡುವೆ ಕಬ್ಬಿಣದ್ದೋ ತೊಗಲಿನದ್ದೋ ಬಿಲ್ಲೆಯೊಂದನ್ನು ತೂರಿಸಿ, ಕೀಲೆಣ್ಣೆ ಬಳಿದು, ಕೀಲನ್ನು ಮತ್ತೆ ಹೊಡೆದರೆ ಆಟ ನಿಲ್ಲುತ್ತದೆ. ಕಡೆಗೀಲೆಂಬ ಮಾತು ಜೇಡರ ದಾಸಿಮಯ್ಯನ ವಚನದಲ್ಲೇ ಇದೆ. ಬಂಡಿಗೆ ಆಧಾರ ಯಾವುದು ಎಂದು ಕೇಳಿದರೆ ಕನ್ನಡಿಗರು ಗಾಲಿಯನ್ನಲ್ಲ, ಗಾಲಿಯನ್ನು ತಡೆದು ನಿಲ್ಲಿಸುವ ಆ ಸಣ್ಣ ಕೀಲನ್ನು ತೋರಿಸಿ ಎಷ್ಟೋ ಶತಮಾನವಾಯಿತು. ಗಾಡಿಯ ಎರಡು ಗಾಲಿಗಳ ನಡುವಿನ ಅಂತರವೂ ಬಡಗಿಯ ಮರ್ಜಿಗೆ ಬಿಟ್ಟದ್ದಾಗಿರಲಿಲ್ಲ. ಹಿಂದೆ ಹೋದ ಗಾಡಿಗಳು ಕೊರೆದಿಟ್ಟ ಜಾಡು ದಾರಿಯಲ್ಲಿರುತ್ತದೆ. ಅದಕ್ಕೆ ಹೊಂದದ ಗಾಡಿ ಕಟ್ಟಿದವನ ಎತ್ತು ಒಂದು ಗಾಲಿಯನ್ನು ಜಾಡಿನಲ್ಲೂ ಇನ್ನೊಂದನ್ನು ದಿಣ್ಣೆಯ ಮೇಲೂ ಎಳೆಯಬೇಕು. ಗಾಲಿ ಎಲ್ಲಿ ನಿಲ್ಲಬೇಕು ಎಂಬುದನ್ನು ಒಡೆಯನೊಬ್ಬನೇ ತೀರ್ಮಾನಿಸುವ ಹಾಗಿಲ್ಲ ಎಂಬ ಸಂಗತಿ ಮೋಟಾರು ಕಾಯ್ದೆ ಬರುವ ಮೊದಲೇ ಎತ್ತಿಗೂ ಗೊತ್ತಿತ್ತು.

ಥಾಣೆಗೆ ಅಗಲದ ಪ್ರಶ್ನೆ ದೊಡ್ಡದಾಗಿ ಬಂದದ್ದು 1853ರ ಏಪ್ರಿಲ್ 16ರಂದು. ಬೋರಿಬಂದರಿನಿಂದ ಸುಮಾರು 400 ಅತಿಥಿಗಳನ್ನು 14 ಡಬ್ಬಿಗಳಲ್ಲಿ ಕೂರಿಸಿಕೊಂಡು ಮೂರು ಎಂಜಿನ್ನುಗಳು 34 ಕಿಲೋಮೀಟರ್ ಎಳೆದು ತಂದ ಆ ರೈಲು ಓಡಿದ್ದು 5 ಅಡಿ 6 ಇಂಚು, ಅಂದರೆ 1676 ಮಿಲಿಮೀಟರ್ ಅಂತರದ ಹಳಿಗಳ ಮೇಲೆ. ಮರುವರ್ಷ ಮೇ 1ಕ್ಕೆ ಅದೇ ಹಳಿ ಕಲ್ಯಾಣ್ ಮುಟ್ಟಿತು. ಇಂಗ್ಲೆಂಡಿನ ರೂಢಿಯ ಅಂತರ 1435 ಮಿಲಿಮೀಟರ್. ಗವರ್ನರ್ ಜನರಲ್ ಡಾಲ್‌ಹೌಸಿ 6 ಅಡಿ ಬೇಕೆಂದಿದ್ದ. ಕೊನೆಗೆ ಐದೂವರೆಗೆ ಒಪ್ಪಂದವಾಯಿತು. ಅಗಲವಾಗಿ ನಿಂತದ್ದು ಗಟ್ಟಿಯಾಗಿ ನಿಲ್ಲುತ್ತದೆ ಎಂಬ ನಂಬಿಕೆ ಆ ತೀರ್ಮಾನದ ಹಿಂದಿತ್ತು. ಇಂದು ಸ್ಪೇಸರ್ ಮಾರುವವನು ಹೇಳುವುದೂ ಇದನ್ನೇ. ಆದರೆ ಅಗಲಕ್ಕೆ ಬೆಲೆಯೂ ಇರುತ್ತದೆ. ದುಡ್ಡು ಸಾಲದೆ 1870ರಲ್ಲಿ ಮೇಯೊ ಕಾಲದಲ್ಲಿ ಮೀಟರ್ ಗೇಜ್ ಬಂತು, ಮೈಸೂರು ಸೀಮೆಗೂ ಉತ್ತರ ಕರ್ನಾಟಕಕ್ಕೂ ಸಿಕ್ಕಿದ್ದು ಹೆಚ್ಚಾಗಿ ಅದೇ. ಪರಿಣಾಮ ಏನೆಂದು ಹುಬ್ಬಳ್ಳಿ, ಬೆಳಗಾವಿಯಿಂದ ಮುಂಬಯಿಗೆ ಹೊಟ್ಟೆಪಾಡಿಗೆ ಹೊರಟ ತಲೆಮಾರುಗಳಿಗೆ ಚೆನ್ನಾಗಿ ಗೊತ್ತು: ಟ್ರಂಕು, ಹಾಸಿಗೆ ಸುರುಳಿ, ಉಪ್ಪಿನಕಾಯಿ ಭರಣಿ ಸಮೇತ ಪುಣೆಯಲ್ಲಿ ಇಳಿದು ಗಾಡಿ ಬದಲಿಸಬೇಕಿತ್ತು. 1000ಕ್ಕೂ 1676ಕ್ಕೂ ನಡುವಿನ 676 ಮಿಲಿಮೀಟರನ್ನು ಮುಚ್ಚುವ ಬಿಲ್ಲೆ ಯಾವುದೂ ಇರಲಿಲ್ಲ. ಡೊಂಬಿವಲಿ, ಕಲ್ಯಾಣಿನಲ್ಲಿ ನೆಲೆ ನಿಂತ ಕನ್ನಡ ಮನೆಗಳು ಆ ಪುಣೆಯ ಪ್ಲಾಟ್‌ಫಾರ್ಮನ್ನು ದಾಟಿ ಬಂದವು.

ರೈಲಿನ ಲೆಕ್ಕವನ್ನು ಕಾರಿನ ಲೆಕ್ಕದ ಪಕ್ಕದಲ್ಲಿಟ್ಟು ನೋಡಿದರೆ ವೇಗದ ವಾದ ಎಷ್ಟು ಸಪೂರ ಎಂಬುದು ಗೊತ್ತಾಗುತ್ತದೆ. ತಿರುವಿನಲ್ಲಿ ಕಾರಿನ ಭಾರ ಒಳಗಿನ ಚಕ್ರದಿಂದ ಹೊರಗಿನ ಚಕ್ರಕ್ಕೆ ಸರಿಯುತ್ತದೆ. ಎಷ್ಟು ಸರಿಯುತ್ತದೆ ಎಂಬುದನ್ನು ಕಾರಿನ ತೂಕ, ತಿರುವಿನ ಬಿರುಸು, ಭಾರಕೇಂದ್ರದ ಎತ್ತರ ಮತ್ತು ಎಡಬಲ ಚಕ್ರಗಳ ನಡುವಿನ ಅಗಲ ಸೇರಿ ನಿರ್ಧರಿಸುತ್ತವೆ. ಅಗಲ ಹೆಚ್ಚಿದಷ್ಟೂ ಸರಿಯುವ ಭಾರ ಕಡಿಮೆ, ಇದು ಭೌತಶಾಸ್ತ್ರ, ತಕರಾರಿಲ್ಲ. ಆದರೆ ಫೋಕ್ಸ್‌ವ್ಯಾಗನ್ ಪೋಲೋದಂಥ ಕಾರಿನಲ್ಲಿ ಆ ಅಗಲ ಸುಮಾರು 1460 ಮಿಲಿಮೀಟರ್. ಒಂದೊಂದು ಬದಿಗೆ 15 ಮಿಲಿಮೀಟರಿನ ಬಿಲ್ಲೆ ಹಾಕಿದರೆ 1490. ಹೆಚ್ಚಿದ್ದು ನೂರಕ್ಕೆ ಎರಡು. ಡಾಲ್‌ಹೌಸಿ ಕಾಲದಲ್ಲಿ ಇಂಗ್ಲೆಂಡಿನ ಹಳಿಗಿಂತ ಹೆಚ್ಚಿಸಿದ ಅಗಲ ನೂರಕ್ಕೆ ಹದಿನೇಳರಷ್ಟು. ಎರಡು ಪ್ರತಿಶತದ ಲಾಭ ರೇಸಿನ ಪಟ್ಟೆಯಲ್ಲಿ ಗಡಿಯಾರ ಹಿಡಿದು ನಿಂತವನಿಗೆ ಕಾಣಬಹುದು. ಘೋಡಬಂದರ್ ರಸ್ತೆಯಲ್ಲಿ ಕಂಟೇನರ್ ಲಾರಿಗಳ ನಡುವೆ ಮೊದಲನೇ ಗೇರಿನಲ್ಲಿ ತೆವಳುವವನಿಗೆ ಹೇಗೆ ಕಾಣಬೇಕು? ಒಳ್ಳೆಯ ಟಯರು, ಒಳ್ಳೆಯ ಬ್ರೇಕ್ ಪ್ಯಾಡು ಹಾಕಿಸಿದರೆ ಸಿಗುವ ಫಲ ಇದಕ್ಕಿಂತ ಎಷ್ಟೋ ಹೆಚ್ಚು. ಲೆಕ್ಕ ಬಲ್ಲ ಮೆಕ್ಯಾನಿಕ್ಕಿಗೆ ಇದು ಗೊತ್ತಿದೆ. ಗೊತ್ತಿದ್ದೂ ಬಿಲ್ಲೆ ಮಾರಾಟವಾಗುತ್ತಿದೆ ಎಂದರೆ ಕಾರಣವನ್ನು ಬೇರೆ ಕಡೆ ಹುಡುಕಬೇಕು.

ಹುಡುಕುತ್ತಾ ಹೋದರೆ ಮೊದಲು ಸಿಗುವುದು ನಮ್ಮವರೇ. ಹಿಂದೂಸ್ತಾನದಲ್ಲಿ ಕಾರು ಮಾಡುವ ಕಾರ್ಖಾನೆ ಬೇಕೆಂದು 1930ರ ದಶಕದಲ್ಲಿ ಯೋಜನೆ ಹಾಕಿ ಯುರೋಪು, ಅಮೆರಿಕ ಸುತ್ತಿ ಬಂದವರು ವಿಶ್ವೇಶ್ವರಯ್ಯ. ಉದ್ಯಮಿ ವಾಲಚಂದ್ ಹೀರಾಚಂದ್ ಆ ಯೋಜನೆಗೆ ಹೆಗಲು ಕೊಟ್ಟರು, ಮೈಸೂರು ಸಂಸ್ಥಾನವೂ ಆಸಕ್ತಿ ತೋರಿತು. ಬ್ರಿಟಿಷ್ ಸರಕಾರಕ್ಕೆ ಅದು ರುಚಿಸಲಿಲ್ಲ. 1940ರಲ್ಲಿ ವಾಲಚಂದ್ ಮೈಸೂರಿನ ನೆರವಿನಿಂದ ಬೆಂಗಳೂರಿನಲ್ಲಿ ವಿಮಾನದ ಕಾರ್ಖಾನೆ ತೆರೆದರು, ಕಾರಿನದು ಮಾತ್ರ 1944ರಲ್ಲಿ ಪ್ರೀಮಿಯರ್ ಆಟೊಮೊಬೈಲ್ಸ್ ಎಂಬ ಹೆಸರಲ್ಲಿ ಹುಟ್ಟಿ ಕುರ್ಲಾಕ್ಕೆ ಹೋಯಿತು. ಬೆಂಗಳೂರಿಗೆ ರೆಕ್ಕೆ, ಮುಂಬಯಿಗೆ ಗಾಲಿ. ಕುರ್ಲಾದಲ್ಲಿ ಮೊದಲು ಕ್ರೈಸ್ಲರ್ ಬಳಗದ ಡಾಜ್, ಪ್ಲಿಮತ್ ವಾಹನಗಳ ಜೋಡಣೆ. ಆಮೇಲೆ ಇಟಲಿಯ ಫಿಯೆಟ್ ಜೊತೆ ಒಪ್ಪಂದ. 1964ರಿಂದ ಫಿಯೆಟ್ 1100 ಡಿಲೈಟ್. ಅದೇ ಗಾಡಿ 1970ರ ದಶಕದಲ್ಲಿ ಪ್ರೀಮಿಯರ್ ಪದ್ಮಿನಿ. 1089 ಸಿಸಿ ಎಂಜಿನ್, ನಲವತ್ತರ ಆಸುಪಾಸಿನ ಕುದುರೆಬಲ, ಸ್ಟೀರಿಂಗ್ ಕಂಬದ ಮೇಲೆ ಗೇರು. ಮುಂಬಯಿಯ ಕಾಲಿ-ಪೀಲಿ ಟ್ಯಾಕ್ಸಿಯಾಗಿ ಕೊನೆಯ ಪದ್ಮಿನಿ ನೋಂದಣಿಯಾದದ್ದು 2003ರ ಅಕ್ಟೋಬರ್ 29ರಂದು, 20 ವರ್ಷದ ಮಿತಿ ಮುಗಿಸಿ 2023ರಲ್ಲಿ ಅದು ರಸ್ತೆಯಿಂದ ಇಳಿಯಿತು.

ಇಟಲಿಯ 1950ರ ದಶಕದ ಅಳತೆಯ ಕಾರೊಂದು ಮುಂಬಯಿ ಸೀಮೆಯಲ್ಲಿ ಅರ್ಧ ಶತಮಾನ ಓಡಿತು ಎಂಬುದೇ ನನ್ನ ವಾದಕ್ಕೆ ಮುಖ್ಯ ಸಾಕ್ಷಿ. 1983ರ ಡಿಸೆಂಬರಿನಲ್ಲಿ ಮಾರುತಿ 800 ಬರುವ ತನಕ ಕೊಳ್ಳುವವನ ಮುಂದೆ ಇದ್ದ ಆಯ್ಕೆ ಎರಡೋ ಮೂರೋ. ಹೊಸ ಕಾರಿಗೆ ವರ್ಷಗಟ್ಟಲೆ ಕಾಯಬೇಕು, ಹೊರದೇಶದ ಬಿಡಿಭಾಗಕ್ಕೆ ಸುಂಕ ಕಟ್ಟಬೇಕು. ಇಂಥ ಕಡೆ ರಿಪೇರಿಯವನು ಹೊಸದನ್ನು ತಂದು ಹಾಕುವುದಿಲ್ಲ, ಇದ್ದುದನ್ನು ಕೂಡಿಸುತ್ತಾನೆ. ಸವೆದ ಬ್ರೇಕ್ ಡ್ರಮ್ಮನ್ನು ಲೇತಿಗೆ ಕೊಟ್ಟು ತೆಳ್ಳಗೆ ತರೆಸಿ ಮತ್ತೆ ಹಾಕುವುದು, ಬುಶ್ ಕಡೆಸುವುದು, ಆಟ ಬಂದ ಕಡೆ ಶಿಮ್ ತೂರಿಸುವುದು, ಕಂಬದ ಗೇರನ್ನು ನೆಲದ ಗೇರಾಗಿಸುವುದು. ಇವು ಯಾವುವೂ ಆ ಕಾಲಕ್ಕೆ ‘ಮಾಡಿಫಿಕೇಶನ್’ ಆಗಿರಲಿಲ್ಲ, ಗ್ಯಾರೇಜಿನ ದಿನದ ಕೆಲಸ. ಕಡೆಸು ಎಂಬ ನಮ್ಮ ಕ್ರಿಯಾಪದ ಇಲ್ಲಿ ಚೆನ್ನಾಗಿ ಒಪ್ಪುತ್ತದೆ: ಮಜ್ಜಿಗೆ ಕಡೆಯುವುದಕ್ಕೂ, ಚನ್ನಪಟ್ಟಣದ ಬೊಂಬೆ ಕಡೆಯುವುದಕ್ಕೂ, ಬೇಲೂರಿನ ಕಂಬಕ್ಕೂ, ಕಬ್ಬಿಣಕ್ಕೂ ಒಂದೇ ಮಾತು. ತಿರುಗಿಸಿ ಆಕಾರ ತರುವ ಯಾವ ಕೆಲಸವಾದರೂ ಕಡೆತವೇ.

ಆ ಕಡೆತಕ್ಕೆ ಬೇಕಾದ ಯಂತ್ರ ಮತ್ತು ಕೈ ಎರಡೂ ಥಾಣೆ ಜಿಲ್ಲೆಯಲ್ಲಿ ಗುಂಪಾಗಿ ಬಂದು ಕೂತವು. 1962ರಲ್ಲಿ ಮಹಾರಾಷ್ಟ್ರ ಕೈಗಾರಿಕಾ ಅಭಿವೃದ್ಧಿ ನಿಗಮ, ಜನರ ಬಾಯಲ್ಲಿ ಎಂಐಡಿಸಿ, ಹುಟ್ಟಿತು. ಥಾಣೆಯ ವಾಗಳೆ ಎಸ್ಟೇಟ್, ಖಾಡಿಯಾಚೆ ಥಾಣೆ-ಬೇಲಾಪುರ ಪಟ್ಟಿ, ಡೊಂಬಿವಲಿ, ಅಂಬರನಾಥ ಎಲ್ಲೆಡೆ ಶೆಡ್ಡುಗಳೆದ್ದವು. 1970ರಲ್ಲಿ ಬಂದ ಸಿಡ್ಕೊ ಎಂಬ ಇನ್ನೊಂದು ನಿಗಮ ಆ ಪಟ್ಟಿಯ ಪಕ್ಕದಲ್ಲೇ ನವಿ ಮುಂಬಯಿಯನ್ನು ಕಟ್ಟತೊಡಗಿತು. ದೊಡ್ಡ ಹೆಸರುಗಳನ್ನು ಬಿಡಿ; ದೊಡ್ಡ ಕಾರ್ಖಾನೆಗೆ ಪಿನ್ನು, ಬುಶ್ಶು, ಫ್ಲ್ಯಾಂಜು ಮಾಡಿಕೊಡುವ ಎರಡು ಲೇತು, ಒಂದು ಡ್ರಿಲ್ಲಿನ ಸಣ್ಣ ಶೆಡ್ಡುಗಳೇ ಇಲ್ಲಿ ಮುಖ್ಯ. ಮುಂಬ್ರಾದಲ್ಲಿ ಭಾರತ್ ಗೇರ್ಸ್ ಹಲ್ಲುಚಕ್ರ ಕೊರೆಯುತ್ತಿತ್ತು, ಪ್ರೀಮಿಯರ್ ತಾನೇ ಡೊಂಬಿವಲಿ ಪಕ್ಕದ ಕಲ್ಯಾಣ್-ಶೀಳ್ ರಸ್ತೆಯಲ್ಲಿ ಇನ್ನೊಂದು ಕಾರ್ಖಾನೆ ಮಾಡಿಕೊಂಡಿತ್ತು. ಫ್ಲ್ಯಾಂಜು ಕಡೆಯಬಲ್ಲವನಿಗೆ ಸ್ಪೇಸರ್ ಕಡೆಯುವುದು ಹೊಸ ವಿದ್ಯೆಯಲ್ಲ. ಅಲ್ಯೂಮಿನಿಯಂ ದುಂಡು ಸರಳನ್ನು ಚಕ್ಕಿಗೆ ಹಿಡಿಸಿ, ಮುಖ ತರೆದು, ನಡುವಿನ ತೂತನ್ನು ಹಬ್ಬಿನ ದಿಂಡಿಗೆ ಸರಿಯಾಗಿ ಬೋರ್ ಮಾಡಬೇಕು. ಫೋಕ್ಸ್‌ವ್ಯಾಗನ್, ಸ್ಕೋಡಾಗಳಿಗೆ ಅದು 57.1 ಮಿಲಿಮೀಟರ್, ಫಿಯೆಟ್ಟಿಗೆ 58.1, ಹೋಂಡಾ ಸಿಟಿಗೆ 56.1. ಟರ್ನರ್ ವರ್ನಿಯರಿನ ದವಡೆಯನ್ನು ತೂತಿನೊಳಗೆ ಇಳಿಸಿ ನೋಡಿ, ಇನ್ನೊಂದು ಕೂದಲೆಳೆ ತೆಗೆದು, ಮತ್ತೆ ನೋಡುತ್ತಾನೆ. ಬಿಲ್ಲೆ ಹಬ್ಬಿನ ಮೇಲೆ ಕೂತಾಗ ‘ಟಪ್’ ಎಂದು ಬೀಳಬಾರದು, ಸುತ್ತಿಗೆಯಿಂದ ಬಡಿಯುವ ಹಾಗೂ ಇರಬಾರದು. ಅಂಗೈಯಿಂದ ಒತ್ತಿದರೆ ಗಾಳಿ ಹೊರಡುತ್ತಾ ಇಳಿಯಬೇಕು. 150 ಮಿಲಿಮೀಟರ್ ಅಗಲ, 15 ದಪ್ಪದ ಅಂಥದೊಂದು ಬಿಲ್ಲೆಯ ತೂಕ ಅರ್ಧ ಕಿಲೋಗಿಂತ ತುಸು ಹೆಚ್ಚು.

ಆ ಶೀಳ್ ರಸ್ತೆಯ ಕಾರ್ಖಾನೆಯ ಮುಂದೆ ಸ್ವಲ್ಪ ನಿಲ್ಲಬೇಕು. ಉದಾರೀಕರಣದ ನಂತರ, 1990ರ ದಶಕದ ನಡುವೆ, ಪ್ರೀಮಿಯರ್ ಕಂಪನಿ ಫ್ರಾನ್ಸಿನ ಪ್ಯೂಜೋ ಜೊತೆ ಸೇರಿ ಇಲ್ಲಿ 309 ಎಂಬ ಕಾರು ಮಾಡಿತು. ಯುರೋಪಿನಲ್ಲಿ ಅದೇ ಮೈಯ 309 ಜಿಟಿಐ ಬಿರುಸಿನ ಕಾರೆಂದು ಹೆಸರಾಗಿತ್ತು: 1905 ಸಿಸಿ, 130 ಕುದುರೆಬಲ. ಡೊಂಬಿವಲಿಯಿಂದ ಹೊರಬಿದ್ದ 309ಕ್ಕೆ ಇದ್ದದ್ದು 1.4 ಲೀಟರ್ ಪೆಟ್ರೋಲ್ ಅಥವಾ 1.5 ಲೀಟರ್ ಡೀಸೆಲ್. ಮೈ ಅದೇ, ಎದೆ ಬೇರೆ. ಕಾರಿನ ಪತ್ರಿಕೆಗಳಲ್ಲಿ ಜಿಟಿಐ ಚಿತ್ರ ನೋಡಿದವನಿಗೆ ತನ್ನ ಬಾಗಿಲಲ್ಲಿ ನಿಂತ ಗಾಡಿಯ ಕೊರತೆ ಕಣ್ಣಿಗೇ ಹೊಡೆಯುತ್ತದೆ. ಕಾರ್ಖಾನೆ ಮುಷ್ಕರಕ್ಕೆ ಸಿಕ್ಕಿತು, ಪ್ಯೂಜೋ ದಶಕ ಮುಗಿಯುವ ಮೊದಲೇ ಕೈಬಿಟ್ಟು ಹೋಯಿತು. ಆದರೆ ಒಂದು ಮಾದರಿ ಉಳಿಯಿತು: ಒಂದೇ ಕಾರಿಗೆ ಅಲ್ಲಿ ಒಂದು ರೂಪ, ಇಲ್ಲಿ ಇನ್ನೊಂದು. ಹಳ್ಳ ದಿಣ್ಣೆಗಳಿಗೆಂದು ಎತ್ತರಿಸಿದ ಸಸ್ಪೆನ್ಷನ್, ಮೈಲೇಜಿಗೆಂದು ತೆಳ್ಳನೆಯ ಟಯರು. ಅಗಲ ಟಯರಿಗೆಂದು ಹೊಲಿದ ಮಡ್‌ಗಾರ್ಡಿನೊಳಗೆ ಅಣ್ಣನ ಅಂಗಿ ತೊಟ್ಟ ತಮ್ಮನಂತೆ ನಿಂತ ಚಕ್ರ. 2013ರಲ್ಲಿ ಬಂದ ಪೋಲೋ ಜಿಟಿಗೂ ಸಿಕ್ಕಿದ್ದು 185 ಮಿಲಿಮೀಟರಿನ ಟಯರೇ. ಸ್ಪೇಸರ್ ತುಂಬುವುದು ಮೊದಲು ಈ ಖಾಲಿಯನ್ನು.

ಅದಕ್ಕಿಂತಲೂ ಹಟಮಾರಿ ಅಳತೆಯೊಂದಿದೆ. ಚಕ್ರದ ಬೋಲ್ಟುಗಳು ಕೂರುವ ವೃತ್ತದ ವ್ಯಾಸಕ್ಕೆ ಪಿಸಿಡಿ ಎನ್ನುತ್ತಾರೆ. ಫಿಯೆಟ್ ಊನೋ, ಪಾಲಿಯೋಗಳಲ್ಲಿ ಅದು 98 ಮಿಲಿಮೀಟರ್, ಹೋಂಡಾ ಸಿಟಿಯಲ್ಲಿ 100. ಬರಿಗಣ್ಣಿಗೆ ಎರಡೂ ಒಂದೇ. 1.6 ಲೀಟರಿನ ಪಾಲಿಯೋ ಕೊಂಡವನು ಅಂಗಡಿಯಲ್ಲಿ ಸುಲಭವಾಗಿ ಸಿಗುವ ನೂರರ ಅಲಾಯ್ ಚಕ್ರ ತಂದರೆ ಬೋಲ್ಟು ಹತ್ತುತ್ತದೆ, ಕೈಗೆ ತುಸು ಬಿಗಿ ಎನ್ನಿಸುತ್ತದೆ, ಅಷ್ಟೆ. ಒಳಗೆ ಮಾತ್ರ ಪ್ರತಿ ಬೋಲ್ಟೂ ತನ್ನ ಜಾಗದಿಂದ 1 ಮಿಲಿಮೀಟರ್ ವಾಲಿ, ಓರೆಯಾಗಿ ಕೂತಿರುತ್ತದೆ. ಎಂಬತ್ತರ ವೇಗದಲ್ಲಿ ಸ್ಟೀರಿಂಗ್ ನಡುಗಿದಾಗ ವೀಲ್ ಬ್ಯಾಲೆನ್ಸ್ ಮಾಡಿಸುತ್ತಾರೆ, ಅಲೈನ್‌ಮೆಂಟ್ ಮಾಡಿಸುತ್ತಾರೆ, ನಡುಕ ಹೋಗುವುದಿಲ್ಲ. ಇದಕ್ಕೆ ಸರಿಯಾದ ಮದ್ದು ಎರಡು ಸಾಲು ತೂತಿನ ದಪ್ಪ ಬಿಲ್ಲೆ: ಒಂದು ಸಾಲಿನಿಂದ 98ರ ಹಬ್ಬಿಗೆ ಬಿಗಿದು, ಇನ್ನೊಂದು ಸಾಲಿಗೆ 100ರ ಚಕ್ರ ಕೂರಿಸುವುದು. ಅಡಾಪ್ಟರ್ ಎಂದು ಇದರ ಹೆಸರು. ಇಲ್ಲಿ ವೇಗದ ಮಾತೇ ಇಲ್ಲ ಎಂಬುದನ್ನು ಗಮನಿಸಬೇಕು. ಟ್ಯೂರಿನ್ನಿನಲ್ಲಿ ಒಬ್ಬರು 98 ಎಂದರು, ಟೋಕಿಯೋದಲ್ಲಿ ಇನ್ನೊಬ್ಬರು 100 ಎಂದರು. ಎರಡನ್ನೂ ಸಮಾಧಾನ ಮಾಡುವ ಪಂಚಾಯಿತಿ ಲೇತಿನ ಮುಂದೆ ನಡೆಯಬೇಕಾಯಿತು.

ಈ ವಾದಕ್ಕೆ ಎದುರು ಬರುವ ಮೊದಲ ಮಾತು ರೇಸಿನದು. ಚಕ್ರದ ಅಗಲ ಹೆಚ್ಚಿಸುವ ವಿದ್ಯೆ ರೇಸಿನಿಂದಲೇ ಬಂದದ್ದಲ್ಲವೇ, ಪೋರ್ಷೆಯಂಥ ಕಂಪನಿ ತಾನೇ 911 ಕಾರುಗಳಿಗೆ ಸ್ಪೇಸರ್ ಮಾರುವುದಿಲ್ಲವೇ, ನಮ್ಮಲ್ಲೂ ಫಿಯೆಟ್ಟುಗಳನ್ನು ತಿದ್ದಿ ಓಡಿಸಲಿಲ್ಲವೇ? ಎಲ್ಲ ನಿಜ. ಆದರೆ ಆ ವಿದ್ಯೆಗೆ ನೆಲೆ ಬೇಕು. ಮದರಾಸಿಗೆ ಶೋಳಾವರಂನ ರೇಸಿನ ಪಟ್ಟೆ ಇತ್ತು, ಆಮೇಲೆ ಇರುಂಗಾಟ್ಟುಕೋಟೆ ಬಂತು; ಬೆಂಗಳೂರಿನವರಿಗೆ ಕೆ-1000 ರ್‍ಯಾಲಿ ಇತ್ತು, ಮಲೆನಾಡಿನ ಕಾಫಿ ತೋಟದ ಮಣ್ಣು ದಾರಿಗಳಿದ್ದವು. ಥಾಣೆ-ಕಲ್ಯಾಣ್ ಸೀಮೆಯಲ್ಲಿ ಅಂಥ ಶಾಶ್ವತ ಪಟ್ಟೆಯಿಲ್ಲ. ನವಿ ಮುಂಬಯಿಯ ಪಾಮ್ ಬೀಚ್ ರಸ್ತೆಯೂ, 2002ಕ್ಕೆ ಪೂರ್ತಿ ತೆರೆದ ಮುಂಬಯಿ-ಪುಣೆ ಎಕ್ಸ್‌ಪ್ರೆಸ್‌ವೇಯೂ ಸಾರ್ವಜನಿಕ ರಸ್ತೆಗಳು, ಅಲ್ಲಿ ಗಡಿಯಾರ ಹಿಡಿಯುವುದು ಅಪರಾಧ. ರೇಸಿನ ನೆಲೆಯಿಲ್ಲದ ಕಡೆಯೂ ರೇಸಿನ ವಸ್ತು ಬೇರೂರಿದರೆ ಅದನ್ನು ಹಿಡಿದಿಟ್ಟದ್ದು ಬೇರೊಂದು ಅಗತ್ಯ ಎಂದೇ ಅರ್ಥ. ಅಗಲದ ಅಲಾಯ್ ಚಕ್ರದ ಒಳಮೈ ಸಸ್ಪೆನ್ಷನ್ ಕಂಬಕ್ಕೋ ದೊಡ್ಡದು ಮಾಡಿಸಿದ ಬ್ರೇಕಿನ ಕ್ಯಾಲಿಪರಿಗೋ ತಾಗಿದಾಗ 5 ಮಿಲಿಮೀಟರ್ ದಾರಿ ಬಿಡಿಸಲು ಹಾಕುವ ಬಿಲ್ಲೆಯನ್ನೇ ತೆಗೆದುಕೊಳ್ಳಿ. 2004ರಲ್ಲಿ ಇಲ್ಲಿಗೆ ಬಂದ ಸ್ಕೋಡಾ ಆಕ್ಟೇವಿಯಾ ಆರ್‌ಎಸ್ ಇರಲಿ, 2017ರ ಆರ್‌ಎಸ್ ಇರಲಿ, ಕಾರು ಬಿರುಸಿನದೇ; ಬಿಲ್ಲೆಯ ಕೆಲಸ ಮಾತ್ರ ಜಾಗ ಬಿಡಿಸುವುದು.

ಎರಡನೆಯ ಆಕ್ಷೇಪ ಹೆಚ್ಚು ಚುರುಕಿನದು: ಅಳತೆ ಕೂಡಿಸುವುದೆಲ್ಲ ನೆಪ, ಇದು ಬರೀ ಶೋಕಿ. ಶೋಕಿ ಎಂಬುದನ್ನು ನಾನು ಅಲ್ಲಗಳೆಯುವುದಿಲ್ಲ. ಎತ್ತಿನ ಕೊಂಬಿಗೆ ಹಿತ್ತಾಳೆಯ ಕೊಡಣಸು ಹಾಕಿಸಿದವನೂ ಉಳುವುದಕ್ಕೆಂದು ಹಾಕಿಸಲಿಲ್ಲ. ಆದರೆ ಶೋಕಿಗೂ ಒಂದು ವ್ಯಾಕರಣ ಇರುತ್ತದೆ. ಇಲ್ಲಿನ ಮೆಚ್ಚುಗೆಯ ಮಾತು ‘ಫ್ಲಶ್’: ಚಕ್ರ ಮಡ್‌ಗಾರ್ಡಿನ ಅಂಚಿಗೆ ಸಮವಾಗಿ ನಿಲ್ಲಬೇಕು, ಒಳಗೂ ಇರಬಾರದು, ಹೊರಗೂ ಚಾಚಬಾರದು. ಬಡಗಿ ಬಾಗಿಲು ಚೌಕಟ್ಟಿನ ಮೇಲೆ ಹೆಬ್ಬೆರಳು ಸವರಿ ನೋಡುವುದೂ ಇದನ್ನೇ. ಅಂದ ಎಂದು ಇಲ್ಲಿ ಕರೆಸಿಕೊಳ್ಳುತ್ತಿರುವುದು ಎರಡು ಅಳತೆ ಕೂಡಿಬಂದ ಸಮಾಧಾನ. ಹೊರಗೆ ಚಾಚುವಷ್ಟು ದಪ್ಪ ಹಾಕಿಸುವವರೂ ಇದ್ದಾರೆ, ಮಳೆಗಾಲದಲ್ಲಿ ಪಕ್ಕದ ಸ್ಕೂಟರಿನವನಿಗೆ ರಾಡಿ ಎರಚುವುದು ಆ ಕಾರುಗಳೇ. ಅವರ ಪರ ವಕಾಲತ್ತು ಮಾಡುವುದಕ್ಕೆ ನನ್ನಲ್ಲಿ ಏನೂ ಇಲ್ಲ.

ಅಪಾಯದ ಆಕ್ಷೇಪಕ್ಕೆ ಇಷ್ಟು ಸಲೀಸಾಗಿ ಉತ್ತರಿಸಲಾಗದು. ಚಕ್ರ ಹೊರಗೆ ಸರಿದಷ್ಟೂ ಅದರ ಭಾರ ಬೇರಿಂಗಿನ ಮೇಲೆ ಸನ್ನೆಕೋಲಿನ ಹಾಗೆ ಕೂರುತ್ತದೆ, ತಯಾರಕ ಲೆಕ್ಕ ಹಾಕಿದ ಜಾಗದಲ್ಲಲ್ಲ. ಸ್ಟೀರಿಂಗಿನ ತಿರುಗಾಣಿಗೂ ಟಯರು ನೆಲ ಮುಟ್ಟುವ ಬಿಂದುವಿಗೂ ಇರಬೇಕಾದ ಅಂತರ ಕೆಟ್ಟು, ಒಂದು ಚಕ್ರ ಗುಂಡಿಗೆ ಬಿದ್ದರೆ ಸ್ಟೀರಿಂಗ್ ಕೈಯಿಂದ ಕಿತ್ತುಕೊಂಡಂತಾಗುತ್ತದೆ. ಜೂನ್‌ನಿಂದ ಸೆಪ್ಟೆಂಬರ್ ತನಕ ಈ ಊರುಗಳ ರಸ್ತೆ ಹೇಗಿರುತ್ತದೆ ಎಂದು ಬಲ್ಲವರಿಗೆ ಹೇಳಬೇಕಿಲ್ಲ. ಬೋಲ್ಟಿನದು ಇನ್ನೂ ನೇರ ಲೆಕ್ಕ: 15 ಮಿಲಿಮೀಟರ್ ಬಿಲ್ಲೆಗೆ 15 ಮಿಲಿಮೀಟರ್ ಉದ್ದ ಹೆಚ್ಚಿರುವ ಬೋಲ್ಟು ಬೇಕು. ತೆಳು ಬಿಲ್ಲೆಯೆಂದು ಹಳೆಯ ಬೋಲ್ಟನ್ನೇ ಹಾಕಿದರೂ ಏಳೆಂಟು ಸುತ್ತು ಕಚ್ಚಬೇಕಾದಲ್ಲಿ ಎರಡೋ ಮೂರೋ ಸುತ್ತು ಕಚ್ಚುತ್ತದೆ, ಮತ್ತೆ ಆ ಚಕ್ರ ಎಲ್ಲಿ ಕಳಚುತ್ತದೆ ಎಂಬುದಷ್ಟೇ ಪ್ರಶ್ನೆ. ಹಬ್ಬಿನ ಮೇಲಿನ ತುಕ್ಕನ್ನು ತಂತಿ ಬ್ರಷ್ಷಿನಿಂದ ಉಜ್ಜದೆ ಬಿಲ್ಲೆ ಕೂರಿಸಿದರೂ ಅದು ಓರೆಯಾಗಿ ಕೂರುತ್ತದೆ. ಇವುಗಳಲ್ಲಿ ಬೋಲ್ಟಿನದೂ ತುಕ್ಕಿನದೂ ಕೆಲಸದ ತಪ್ಪು, ಒಳ್ಳೆಯ ಫಿಟ್ಟರ್ ಮಾಡುವುದಿಲ್ಲ. ಬೇರಿಂಗಿನ ಮಾತು ಹಾಗಲ್ಲ. ಅದು ಒಳ್ಳೆಯ ಫಿಟ್ಟರನ ಬಿಲ್ಲೆಯಲ್ಲೂ ಉಳಿಯುತ್ತದೆ. 5 ಮಿಲಿಮೀಟರಿಗೆ ನಾನು ತಲೆ ಕೆಡಿಸಿಕೊಳ್ಳುವುದಿಲ್ಲ, ಕಲ್ಯಾಣ್-ಶೀಳ್ ರಸ್ತೆಯಲ್ಲಿ ದಿನಾ ಓಡುವ ಕಾರಿಗೆ 20 ಹಾಕಿಸುವುದು ಮಾತ್ರ ದಡ್ಡತನ.

ಕಾನೂನು ಈ ವ್ಯತ್ಯಾಸವನ್ನು ಮಾಡಿಲ್ಲ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮು ಮೊದಲು ಬರೆದಾಗ ಸ್ವಲ್ಪ ಸಡಿಲವಿತ್ತು: ಬಿಡಿಭಾಗ ಹಾಕಿದ್ದರಿಂದಲೋ ತೆಗೆದದ್ದರಿಂದಲೋ ವಾಹನದ ತೂಕ ನೂರಕ್ಕೆ ಎರಡರೊಳಗೆ ಬದಲಾದರೆ ಅಪ್ಪಣೆ ಬೇಡ ಎಂದಿತ್ತು. ನಾಲ್ಕು ಬಿಲ್ಲೆಯ ತೂಕ ಎರಡೂವರೆ ಕಿಲೋ. ಸಾವಿರದ ನೂರು ಕಿಲೋ ಕಾರಿನಲ್ಲಿ ಅದು ಲೆಕ್ಕಕ್ಕೇ ಇಲ್ಲ. 2000ದ ತಿದ್ದುಪಡಿ, ತಯಾರಕ ಮೂಲದಲ್ಲಿ ಹೇಳಿದ ವಿವರಕ್ಕೆ ಹೊಂದದ ಮಾರ್ಪಾಡೇ ಸಲ್ಲದು ಎಂದಿತು. ಕೇರಳದಿಂದ ಹೋದ ಮೊಕದ್ದಮೆಯಲ್ಲಿ 2019ರ ಜನವರಿ 9ರಂದು ಸುಪ್ರೀಂ ಕೋರ್ಟು ಅದನ್ನೇ ಗಟ್ಟಿ ಮಾಡಿತು. ಅದೇ ವರ್ಷದ ತಿದ್ದುಪಡಿ ಒಂದೊಂದು ಮಾರ್ಪಾಡಿಗೆ 5000 ರೂಪಾಯಿ ದಂಡ, ಇಲ್ಲವೇ ಆರು ತಿಂಗಳ ತನಕ ಸೆರೆ, ಇಲ್ಲವೇ ಎರಡೂ ಎಂದು ಬರೆಯಿತು. ತಮಾಷೆ ಎಂದರೆ, ನೋಂದಣಿ ಪುಸ್ತಕದಲ್ಲಿ ಮುಂದಿನ-ಹಿಂದಿನ ಚಕ್ರಗಳ ಅಂತರ ದಾಖಲಾಗಿರುತ್ತದೆ, ಎಡ-ಬಲ ಚಕ್ರಗಳದ್ದಲ್ಲ. ಜರ್ಮನಿಯಲ್ಲಿ ಇದೇ ಬಿಲ್ಲೆಗೆ ಪರೀಕ್ಷಾ ಪತ್ರವಿದೆ. ಯಾವ ಕಾರಿಗೆ ಯಾವ ದಪ್ಪ, ಯಾವ ಬೋಲ್ಟು ಎಂದು ಬರೆದ ಆ ಪತ್ರವನ್ನು ನೋಡಿ, ಕಾರನ್ನು ನೋಡಿ ಟ್ಯೂಫ್ ಸಂಸ್ಥೆಯವರು ಸಹಿ ಹಾಕುತ್ತಾರೆ. ಅಲ್ಲಿ ತಪ್ಪು ಬಿಲ್ಲೆ ಸಿಕ್ಕಿಬೀಳುತ್ತದೆ, ಸರಿಯಾದದ್ದು ಪಾಸಾಗುತ್ತದೆ. ಇಲ್ಲಿ ಎರಡೂ ಒಂದೇ ಅಪರಾಧವಾದ್ದರಿಂದ ಎರಡನ್ನೂ ಯಾರೂ ನೋಡುವುದಿಲ್ಲ, 57.1ಕ್ಕೆ ಬೋರ್ ಮಾಡಿದವನಿಗೂ ಅಂದಾಜಿಗೆ ತೂತು ಹೊಡೆದವನಿಗೂ ಮಾರುಕಟ್ಟೆಯಲ್ಲಿ ಒಂದೇ ಬೆಲೆ. ಎಲ್ಲವನ್ನೂ ನಿಷೇಧಿಸಿದರೆ ಸುರಕ್ಷಿತ ಎನ್ನುವವರು ಇದನ್ನು ಯೋಚಿಸಬೇಕು. ನೂರೈವತ್ತು ವರ್ಷದಿಂದ ಹೊರಗಿನ ಅಳತೆಯನ್ನು ಕೂಡಿಸಿಕೊಂಡೇ ಬಂದ ಸೀಮೆಯಲ್ಲಿ ಕೂಡಿಸುವ ಕೈಗೆ ಪರೀಕ್ಷೆ ಇಡಬಹುದು, ಕೂಡಿಸಬೇಡ ಎಂದು ಹೇಳಿದರೆ ಅದು ಕೇಳುವುದಿಲ್ಲ.

ಈಗ ಬಿಲ್ಲೆಗಳು ಮೊಬೈಲಿನಲ್ಲಿ ತರಿಸಿದರೆ ಪೆಟ್ಟಿಗೆಯಲ್ಲಿ ಬರುತ್ತವೆ, ಸಿಎನ್‌ಸಿ ಯಂತ್ರದಲ್ಲಿ ಕಡೆದು ಕಪ್ಪೋ ಕೆಂಪೋ ಬಣ್ಣ ಕಟ್ಟಿದವು. ಕುರ್ಲಾದ ಪ್ರೀಮಿಯರ್ ಜಾಗದಲ್ಲಿ ಕೊಹಿನೂರ್ ಸಿಟಿ ನಿಂತಿದೆ, ಡೊಂಬಿವಲಿ ಕಡೆಯ ಜಾಗದಲ್ಲೂ ಮನೆಗಳ ಗೋಪುರ. ಆದರೂ ಅಳತೆಯ ಹಟ ಮುಗಿದಿಲ್ಲ. ಫೋಕ್ಸ್‌ವ್ಯಾಗನ್ ಬೋಲ್ಟಿನ ಕುತ್ತಿಗೆ ಗೋಲಿಯ ಹಾಗೆ ದುಂಡು. ಹೊರಗಿನ ಅಲಾಯ್ ಚಕ್ರಗಳ ಕುಳಿ ಸಾಮಾನ್ಯವಾಗಿ ಕೊಳವೆಯ ಬಾಯಿಯ ಹಾಗೆ ಇಳಿಜಾರು. ಬಿಲ್ಲೆಗೆಂದು ತರಿಸಿದ ಉದ್ದ ಬೋಲ್ಟು ಆ ಇಳಿಜಾರಿಗೆ ಹೊಂದುವಂಥದ್ದು. ರಾತ್ರಿ ಶೀಳ್ ಫಾಟಾದ ಹತ್ತಿರ ಪಂಕ್ಚರ್ ಆಗಿ ಡಿಕ್ಕಿಯಿಂದ ಕಂಪನಿಯ ಕಬ್ಬಿಣದ ಸ್ಟೆಪ್ನಿ ಹೊರತೆಗೆದರೆ ಅದರ ಕುಳಿ ದುಂಡು, ಕೈಯಲ್ಲಿರುವ ಬೋಲ್ಟು ಇಳಿಜಾರಿನದು. ದುಂಡು ಕುತ್ತಿಗೆಯ ಹಳೆಯ ಬೋಲ್ಟು ಬಿಲ್ಲೆಯ ಮೇಲೆ ಗಿಡ್ಡವಾಗುತ್ತದೆ. ಬಿಲ್ಲೆ ತೆಗೆದು ಉದ್ದ ಬೋಲ್ಟು ಹಾಕಿದರೆ ಅದರ ಮೂತಿ ಹಬ್ಬಿನ ಹಿಂದೆ ಹೊರಟು ಒಳಗಿನದಕ್ಕೆ ತಾಗುತ್ತದೆ. ಬಿಲ್ಲೆಯನ್ನೂ ಕಳಚಿ, ಕಾರಿನ ಜೊತೆ ಬಂದಿದ್ದ ಐದು ಗಿಡ್ಡ ಬೋಲ್ಟುಗಳಿಂದಲೇ ಸ್ಟೆಪ್ನಿ ಬಿಗಿಯಬೇಕು. ಕೆಲಸ ಬಲ್ಲ ಫಿಟ್ಟರ್ ಅದಕ್ಕೇ ಆ ಐದನ್ನು ಗ್ರೀಸ್ ಬಟ್ಟೆಯಲ್ಲಿ ಸುತ್ತಿ, ಜಾಕಿನ ಪಕ್ಕದಲ್ಲಿಟ್ಟು, ಡಿಕ್ಕಿ ಮುಚ್ಚುತ್ತಾನೆ.